ಹುಣ್ಣಿಮೆಯ ಸತ್ಯನಾರಾಯಣ ಪೂಜೆ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬರುವ ಹುಣ್ಣಿಮೆಯ ಸಂಜೆ 6 ಗಂಟೆಗೆ ಬಡಾವಣೆಯ ಸಮುದಾಯ ಭವನದಲ್ಲಿ ಸತ್ಯನಾರಾಯಣ ಪೂಜೆ ನಡೆಯಲಿದ್ದು, ಸಂಕಲ್ಪಕ್ಕೆ ಕೂರುವ ದಂಪತಿಗಳು 5.30ಕ್ಕೇ ಬರಬೇಕಾಗಿ ವಿನಂತಿ.

ಪೂಜೆಯಲ್ಲಿ ದೇವರಿಗೆ ಸಲ್ಲಿಸುವ ಷೋಡಶೋಪಚಾರದ 16 ಸೇವೆಗಳು ಮನೆಗೆ ಬಂದ ಅತಿಥಿಯನ್ನು ಕರೆದು, ಕೂರಿಸಿ, ಕಾಲಿಗೆ ನೀರು ಕೊಟ್ಟು ಉಪಚರಿಸುವ ಕ್ರಮವನ್ನೇ ಅನುಸರಿಸುತ್ತವೆ. ದೇವರನ್ನು ಬರಮಾಡಿಕೊಳ್ಳುವ ಆವಾಹನೆಯಿಂದ ನೈವೇದ್ಯದವರೆಗೆ ‘ನನ್ನದು’ ಎಂಬುದನ್ನು ಒಂದೊಂದಾಗಿ ಬಿಟ್ಟುಕೊಡುವ ಅಭ್ಯಾಸವಿದಾದ್ದರಿಂದ, ಆ ಹೊತ್ತಿನಲ್ಲಿ ದಯವಿಟ್ಟು ಮೊಬೈಲಿನಲ್ಲಿ ವಿಡಿಯೊ ಮಾಡಬೇಡಿ. ಅದೇ ಆದರ ಊಟದ ಪಂಕ್ತಿಯಲ್ಲಿ ಕೂತವರಿಗೂ ಸಲ್ಲಬೇಕು. ಕಾವಲುಗಾರರನ್ನೂ ಪೌರಕಾರ್ಮಿಕರನ್ನೂ ಮೊದಲ ಪಂಕ್ತಿಗೇ ಕರೆಯೋಣ (ಕೊನೆಯ ಪಂಕ್ತಿಗೆ ಪಾಯಸ ಉಳಿಯುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು).

ಪೂಜೆಯ ಪ್ರಸಾದವಾದ ಸಪಾದ ಭಕ್ಷ್ಯಕ್ಕೆ ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು ತಲಾ ಒಂದೂಕಾಲು ಪಾಲಿನ ಲೆಕ್ಕದಲ್ಲಿ ಬೇಕು. ಇವುಗಳಲ್ಲಿ ಏನು ತರುವಿರಿ, ಬಡಿಸಲು ಯಾರು ಬರುವಿರಿ ಎಂಬುದನ್ನು ನಾಳೆ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ.