ಕ್ಯಾರವಾನ್ ಚಾವಣಿಯ ಸೋರಿಕೆ: ಅರೆಬರೆ ದುರಸ್ತಿ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಕ್ಯಾರವಾನ್ ದುರಸ್ತಿ ವಿಭಾಗ, ಬೆಂಗಳೂರು

ಮಾನ್ಯರೇ,

ನಿಮ್ಮಲ್ಲಿಯೇ ಕೊಂಡ ಟ್ರೇಲರ್ ಕ್ಯಾರವಾನಿನ (ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಮನೆಗಾಡಿಯ) ಚಾವಣಿ ಸೋರುತ್ತಿದೆಯೆಂದು ಮೇ ತಿಂಗಳಲ್ಲಿ ನಿಮ್ಮ ವರ್ಕ್‌ಶಾಪಿಗೆ ತಂದು ಬಿಟ್ಟಿದ್ದೆವು. 38,000 ರೂಪಾಯಿ ಪಡೆದು, ‘ಸೋರಿಕೆ ಸಂಪೂರ್ಣ ಸರಿಪಡಿಸಲಾಗಿದೆ’ ಎಂದು ಬಿಲ್ಲಿನಲ್ಲಿ ಬರೆದುಕೊಟ್ಟಿರಿ. ಆರಿದ್ರಾ ಮಳೆ ಹಿಡಿದದ್ದೇ ತಡ, ತೀರ್ಥಹಳ್ಳಿಯ ನಮ್ಮ ಅಂಗಳದಲ್ಲಿ ನಿಂತಿದ್ದ ಗಾಡಿ ಮೊದಲಿಗಿಂತ ಜೋರಾಗಿ ಸೋರತೊಡಗಿತು.

ಒಳಗೆ ಮಲಗುವವರ ಉಸಿರಿನ ತೇವ ಅದು ಎಂದು ನಿಮ್ಮ ಮೇಲ್ವಿಚಾರಕರು ಫೋನಿನಲ್ಲಿ ಹೇಳಿದರು. ಬೀಗ ಹಾಕಿದ ಗಾಡಿಯಲ್ಲಿ ಉಸಿರಾಡುವವರು ಯಾರು? ಅಂಥ ತೇವ ಮೊದಲು ಕಿಟಕಿಯ ಗಾಜಿನಲ್ಲಿ ಕಾಣಬೇಕು. ಇಲ್ಲಿ ಗಾಜು ಒಣಗಿದೆ. ಚಾವಣಿಯ ಗಾಳಿಕಿಂಡಿಯಿಂದ ಒಂದು ಮೊಳ ಆಚೆ, ಒಳಚಾವಣಿಯಲ್ಲಿ ಡಿಕಾಕ್ಷನ್ ಚೆಲ್ಲಿದಂತೆ ಸುತ್ತುಸುತ್ತಾಗಿ ಕಲೆ ಬಿದ್ದಿದೆ. ಅದರ ನಡುವೆ ಬೆರಳಿಟ್ಟರೆ ಪ್ಲೈವುಡ್ ಒಳಕ್ಕೆ ತಗ್ಗುತ್ತದೆ. ನೀರು ಒಳಹೊಗುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ. ಇದು ನಮ್ಮೂರಿನಲ್ಲಿ ಹೆಂಚು ಹೊದಿಸುವ ಹುಡುಗರಿಗೂ ಗೊತ್ತು.

ಬಡಗಿಯನ್ನು ಕರೆಸಿ ಒಂದು ಮೂಲೆ ಬಿಚ್ಚಿಸಿದೆ. ಕೊಳೆತ ಹಲಗೆಯನ್ನು ತೆಗೆಯದೆ ಅದರ ಮೇಲೆಯೇ ಹೊಸ ಬಿಳಿ ಶೀಟ್ ಅಂಟಿಸಿದ್ದೀರಿ. ನಡುವೆ ಶಾಖ ತಡೆಯಲು ತುಂಬಿರುವ ಗ್ಲಾಸ್‌ವೂಲ್ (ಗಾಜಿನ ಎಳೆಗಳ ಹತ್ತಿ) ಹಿಂಡಿದರೆ ನೀರಿಳಿಯುತ್ತದೆ. ಮೇಲ್ಗಡೆ ಗಾಳಿಕಿಂಡಿಯ ಚೌಕಟ್ಟನ್ನು ಬಿಚ್ಚಿದ ಗುರುತೇ ಇಲ್ಲ. ಹಳೆಯ ಅಂಟಿನ ಮೇಲೆ ಸಿಲಿಕೋನ್ ಬಳಿದಿದ್ದೀರಿ. ಈ ಗಾಡಿಯ ಚಾವಣಿಗೆ ಹೊದಿಸಿರುವ ಇಪಿಡಿಎಂ ಎಂಬ ರಬ್ಬರ್ ಹಾಳೆಗೆ ಸಾಧಾರಣ ಸಿಲಿಕೋನ್ ಗಟ್ಟಿಯಾಗಿ ಹಿಡಿಯುವುದಿಲ್ಲ. ಈಗಲೇ ಉಗುರಿನಲ್ಲಿ ಎಳೆದರೆ ಉದ್ದಕ್ಕೆ ಕಿತ್ತು ಬರುತ್ತಿದೆ. ಚೌಕಟ್ಟು ತೆಗೆದು, ಹಳೆಯದನ್ನು ಕೆರೆದು, ಕೆಳಗಡೆ ಬ್ಯೂಟೈಲ್ ಟೇಪ್ (ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ) ಹಾಕಿ ಕೂರಿಸಿ, ಆಮೇಲೆ ಅಂಚಿಗೂ ಸ್ಕ್ರೂಗಳಿಗೂ ರಬ್ಬರ್ ಚಾವಣಿಗೆಂದೇ ಇರುವ ಸೀಲಂಟ್ (ಸಂದು ಮುಚ್ಚುವ ಅಂಟು) ಹಾಕಬೇಕಿತ್ತು. ನಿಮ್ಮ ಕಸುಬನ್ನು ನಿಮಗೇ ಹೇಳಿಕೊಡಬೇಕಾಗಿ ಬಂದದ್ದಕ್ಕೆ ಬೇಸರವಿದೆ.

ಗಾಡಿಯನ್ನು ನಿಮ್ಮ ಖರ್ಚಿನಲ್ಲಿಯೇ ಒಯ್ದು, ಕೊಳೆತ ಹಲಗೆ ಮತ್ತು ಗ್ಲಾಸ್‌ವೂಲ್ ಬದಲಿಸಿ, ಶೆಡ್ಡಿನೊಳಗೆ ಪೂರ್ತಿ ಒಣಗಿಸಿ. ಒಳಚಾವಣಿ ಮುಚ್ಚುವ ಮೊದಲು ನನ್ನೆದುರಿಗೆ ಪೈಪಿನಿಂದ ನೀರು ಬಿಟ್ಟು ತೋರಿಸಬೇಕು. ಇದಕ್ಕೆ ಮತ್ತೆ ಹಣ ಕೊಡುವುದಿಲ್ಲ. ಕೆಲಸಕ್ಕೆ ಒಂದು ವರ್ಷದ ಲಿಖಿತ ವಾರಂಟಿ ಬೇಕು. ಆಗದಿದ್ದರೆ ನೀವು ಪಡೆದ ಹಣವನ್ನು ಹಿಂತಿರುಗಿಸಿರಿ; ನಾನು ಬೇರೆಯವರಿಂದ ಮಾಡಿಸಿಕೊಳ್ಳುತ್ತೇನೆ.

ಹದಿನೈದು ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಸೇವಾ ನ್ಯೂನತೆಗಾಗಿ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ದೂರುದಾರರು ವಾಸವಿರುವ ಜಿಲ್ಲೆಯಲ್ಲಿಯೇ ಅದಕ್ಕೆ ಅವಕಾಶವಿರುವುದರಿಂದ ನಾನು ಬೆಂಗಳೂರಿಗೆ ಅಲೆಯಬೇಕಿಲ್ಲ. ಬಿಲ್ಲಿನ ಪ್ರತಿ ಮತ್ತು ಫೋಟೊಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ತೀರ್ಥಹಳ್ಳಿ