ಮೈಕ್ ಸರಿ ಮಾಡಿದ ಆಟೋ ಅಣ್ಣನಿಗೆ

ಅಣ್ಣಾ, ಹೆಸರು ಕೇಳುವಷ್ಟರಲ್ಲಿ ನೀವು ಸೂಪರ್ ಮಾರ್ಕೆಟ್ ಕಡೆಗೆ ಬಾಡಿಗೆ ಹಿಡಿದು ಹೋಗಿಬಿಟ್ಟಿರಿ. ಅದಕ್ಕೇ ಕಲಬುರಗಿ ಮಂದಿಯೆಲ್ಲರ ಮುಂದೆ ಥ್ಯಾಂಕ್ಸ್ ಹೇಳುತ್ತಿದ್ದೇವೆ.

ಅವತ್ತು ನಮ್ಮ ಹತ್ತನೇ ಕ್ಲಾಸಿನ ಬೀಳ್ಕೊಡುಗೆ. ಮುಖ್ಯ ಅತಿಥಿಗಳ ಭಾಷಣ ಮುಗಿಯುವವರೆಗೆ ನೆಟ್ಟಗಿದ್ದ ಮೈಕು, ನಮ್ಮ ತಮಾಷೆ ಪ್ರಶಸ್ತಿಗಳು ಶುರುವಾದ ಕೂಡಲೇ ಸತ್ತುಹೋಯಿತು. (ಉಲ್ಟಾ ಆಗಿದ್ದರೆ ಯಾರಿಗೂ ಬೇಜಾರಾಗುತ್ತಿರಲಿಲ್ಲ.) ಗೇಟಿನ ಹೊರಗೆ ಬೇವಿನ ನೆರಳಲ್ಲಿ ಆಟೋ ನಿಲ್ಲಿಸಿದ್ದ ನೀವು ಸುಮ್ನೆ ಒಳಗೆ ಬಂದಿರಿ. ಪ್ಲಗ್ ಬಿಚ್ಚಿದಿರಿ. ಕಡಿದ ವೈರಿನ ತುದಿಯನ್ನು ಹಲ್ಲಿನಿಂದ ಸುಲಿದು, ತಾಮ್ರದ ಎಳೆಗಳನ್ನು ಹೊಸೆದು, ಸ್ಕ್ರೂ ಕೆಳಗೆ ಕೂರಿಸಿದಿರಿ. ಆಮೇಲೆ ‘ಹಲೋ ಹಲೋ’ ಅಂದಿರಿ. ಹೆಡ್‌ಮಾಸ್ಟರಿಗಿಂತ ನಿಮಗೇ ಜಾಸ್ತಿ ಚಪ್ಪಾಳೆ ಬಿತ್ತು, ಅಲ್ವಾ?

ಜೂನ್‌ನಲ್ಲಿ 625ಕ್ಕೆ 625 ಅಂದು, ಫೆಬ್ರವರಿಯಲ್ಲಿ ‘ಪಾಸಾದರೆ ಸಾಕು ದೇವರೇ’ ಅಂದ ಗೆಳೆಯನಿಗೆ ಮೊದಲ ಪ್ರಶಸ್ತಿ ಹೋಯಿತು. ಹಾಜರಿ ಕೂಗಿದಾಗ ಮಾತ್ರ ಎಚ್ಚರಾಗುವವಳಿಗೂ ಒಂದು. ನಮ್ಮ ಭಾಗಕ್ಕೆ 2013ರಲ್ಲೇ 371ಜೆ ವಿಶೇಷ ಸ್ಥಾನಮಾನ ಬಂತು, ಕೊನೆ ಬೆಂಚಿಗೆ ಯಾವಾಗ ಎಂದು ಒಬ್ಬ ಕೇಳಿದಾಗ ಸಮಾಜ ವಿಜ್ಞಾನದ ಮೇಡಂ ಕೂಡ ನಕ್ಕರು. ಅವರು ನಕ್ಕಿದ್ದನ್ನು ನಾವು ನೋಡಿದ್ದು ಅದೇ ಮೊದಲು. ಇದೆಲ್ಲ ಹಿಂದಿನ ಸಾಲಿಗೂ ಕೇಳಿಸಿದ್ದು ನಿಮ್ಮಿಂದ.

ದುಡ್ಡು ಬೇಡ ಅಂದಿರಿ, ಸುಸ್ಲಾ ಮಿರ್ಚಿ ಮಾತ್ರ ಕಟ್ಟಿಸಿಕೊಂಡಿರಿ. ಮಾಲ್ಪುರಿ ಬಂದದ್ದು ನೀವು ಹೋದ ಮೇಲೆ. ನಿಮ್ಮ ಪಾಲು ಉಳಿಸಬೇಕೆಂದಿದ್ದೆವು, ಆದರೆ ನಮ್ಮ ಕ್ಲಾಸು ಎಂಥದ್ದು ಅಂತ ನೀವೇ ನೋಡಿದ್ದೀರಲ್ಲ.

ನಿಮ್ಮ ಟೆಸ್ಟರ್ ಇಲ್ಲೇ ಬಿಟ್ಟಿದ್ದೀರಿ. ಜವಾನರ ಹತ್ತಿರ ಕೊಟ್ಟಿದ್ದೇವೆ, ಬಂದು ಒಯ್ಯಿರಿ. ಬರುವಾಗ ಹೆಸರೂ ಹೇಳಿ ಹೋಗಿ.