ಸರ್ಪಸುತ್ತು: ಗುಳ್ಳೆಗಿಂತ ಮುಂಚೆ ಬರುವ ಉರಿಯನ್ನು ಗಮನಿಸಿ

ಎಲ್ಲರಿಗೂ ನಮಸ್ಕಾರ. ದಯವಿಟ್ಟು ಇದನ್ನು ಪೂರ್ತಿ ಓದಿ, ಮನೆಯ ಹಿರಿಯರಿಗೂ ತಿಳಿಸಿ.

ಚಿಕನ್‌ಪಾಕ್ಸ್ ವಾಸಿಯಾದರೂ ಅದರ ವೈರಸ್ ಮೈಬಿಟ್ಟು ಹೋಗುವುದಿಲ್ಲ. ನರಗಳ ಬುಡದಲ್ಲಿ ಸುಮ್ನೆ ಉಳಿದಿರುತ್ತದೆ. ವಯಸ್ಸಾದಾಗ, ರೋಗ ತಡೆಯುವ ಶಕ್ತಿ ಕುಗ್ಗಿದಾಗ ಮತ್ತೆ ಎದ್ದು ಒಂದು ನರದ ಜಾಡು ಹಿಡಿಯುತ್ತದೆ. ಅದಕ್ಕೇ ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಬದಿಯಲ್ಲಿ ಪಟ್ಟಿಯ ಹಾಗೆ ಏಳುತ್ತದೆ.

ಗೊತ್ತಾಗದೆ ಹೋಗುವುದು ಶುರುವಿನಲ್ಲೇ. ಗುಳ್ಳೆ ಕಾಣುವ ಕೆಲವು ದಿನ ಮುಂಚೆಯೇ ಆ ಜಾಗದಲ್ಲಿ ಉರಿ, ಚುಚ್ಚಿದಂಥ ನೋವು, ಜುಮುಜುಮು. ಅಂಗಿ ತಾಗಿದರೂ ತಡೆಯಲಾಗದು. ಆಮೇಲೆ ಕೆಂಪಾದ ಚರ್ಮದ ಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳ ಗೊಂಚಲು. (ಎದೆನೋವು ಬಂದರೆ ಮಾತ್ರ ನೀವೇ ಸರ್ಪಸುತ್ತು ಅಂದುಕೊಂಡು ಕೂರಬೇಡಿ, ತೋರಿಸಿ.)

ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರು ಮಾಡಿದರೆ ಪ್ರಯೋಜನ ಜಾಸ್ತಿ. ಕಾದು ನೋಡೋಣ ಅನ್ನಬೇಡಿ. ಗುಳ್ಳೆ ಮಾಯ್ದ ಮೇಲೂ ಕೆಲವರಿಗೆ ನರದ ನೋವು ತಿಂಗಳುಗಟ್ಟಲೆ ಕಾಡುತ್ತದೆ. ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ, ದೃಷ್ಟಿಗೇ ಅಪಾಯ.

ಗುಳ್ಳೆ ಒಣಗುವವರೆಗೆ ಮುಚ್ಚಿಡಿ. ಗರ್ಭಿಣಿಯರಿಂದ, ಹಸುಗೂಸುಗಳಿಂದ ದೂರವಿರಿ. ಚಿಕನ್‌ಪಾಕ್ಸ್ ಬಂದಿರದವರಿಗೆ ಆ ನೀರು ತಾಗಿದರೆ ಚಿಕನ್‌ಪಾಕ್ಸ್ ಬರಬಹುದು.

50 ದಾಟಿದವರು ಲಸಿಕೆಯ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ.